ಸಹಿಯ ಜಾಗ

ಟಾಂಗಾಕೂಟದ ಆ ಮಾಳಿಗಿಗೆ ಹತ್ತೊಂಬತ್ತು ಪಾವಟಿಗಿ.
ಇದು ಮೂರನೇ ಸಲ.
ಮೊದಲಿನ ಎರಡು ಸಲ ಬೋರ್ಡು ಓದಿ ತಿರುಗಿದ್ದೆ,
ಅಕ್ಷರದ ನಡುವಿನ ಸಂದು ಸರಿ ಇಲ್ಲಂತ
ನನಗ ನಾನೇ ನೆವ ಹೇಳಿಕೊಂಡು.

ಹೊಂಬಳ ವಕೀಲಬಾಯಿ ಕುರ್ಚಿ ತೋರಿಸಿದ್ರು.
"ಎಷ್ಟ ಆಗೇತಿ?"
ಡಾಕ್ಟರು ಎಲ್ಲಿ ನೋಯ್ತೈತಿ ಅಂತ ಕೇಳಿದಂಗ.
ಮೂವತ್ತೊಂದು ಲಕ್ಷ ಚಿಲ್ಲರ, ಅಂದೆ.
ಪೆನ್ನು ನಿಂತಿತು.
"ಚಿಲ್ಲರ ಎಷ್ಟು? ಕೋರ್ಟಿಗೆ ಅದೂ ಬೇಕು."

ಆಫ್‌ಸೆಟ್ ಮಷಿನ್ನು ಇಳಿಸಿದ ದಿನ
ಬೆಟಗೇರಿ ಓಣಿ ತುಂಬ ಪೇಢೆ ಹಂಚಿದ್ದೆ.
ಮದುವಿ ಕಾರ್ಡು, ಪಾವತಿ ಪುಸ್ತಕ, ಇಲೆಕ್ಷನ್ ಕರಪತ್ರ,
ರಾತ್ರಿ ಎರಡಕ್ಕೂ ಧಡ ಧಡ.
ಆಮ್ಯಾಲೆ ಮದುವಿಗಳು ಫೋನಿನ್ಯಾಗ ಬರಾಕ ಹತ್ತಿದವು,
ಗಣಪತಿ ಕುಣಕೊಂತ, ಕಾಗದ ಇಲ್ಲದ.
ಬ್ಯಾಂಕಿನ ನೋಟಿಸು ಮಾತ್ರ ಕಾಗದದಾಗ ಬಂತು.
ಛಾಪ ಭಾಳ ಚಲೋ ಇತ್ತು.

"ಸಾಲಗಾರರ ಪಟ್ಟಿ ಮಾಡೂಣು."
ಯಾರು ಸಾಲಗಾರ?
ನಮ್ಮ ಮಾತಿನ್ಯಾಗ ಬಾಗಲಾ ಬಡಿಯಾವನೂ ಸಾಲಗಾರ,
ಒಳಗ ಉಸರು ಹಿಡಕೊಂಡು ಕುಂತಾವನೂ ಸಾಲಗಾರ.
ವಕೀಲಬಾಯಿ ಹಾಳಿ ನಡುವ ಒಂದು ಗೆರಿ ಎಳದ್ರು.
"ಇಲ್ಲೆ ನೀವು. ಆ ಕಡೆ ಅವರು."
ಇಷ್ಟು ವರ್ಷ ಯಾರೂ ಎಳದಿರದ ಗೆರಿ.

ಫೀ ಹೇಳಿದ್ರು. ಅರ್ಧ ಮೊದಲು.
ಏನೂ ಇಲ್ಲ ಅಂತ ಹೇಳಾಕೂ ಇಷ್ಟು ರೊಕ್ಕ ಬೇಕೇನ್ರಿ?
"ನೀವು ಹೇಳಿದ್ರ ಅದು ಅಳು ಅಕ್ಕೈತಿ," ಅಂದ್ರು.
"ನಾನು ಹೇಳಿದ್ರ ಅರ್ಜಿ."

ಅಟ್ಟದ ಮ್ಯಾಲೆ ಸೀಸದ ಮೊಳಿ ಅದಾವ್ರಿ,
ಅಪ್ಪನ ಕಾಲದ್ದು, ನಾಕು ಕ್ವಿಂಟಲ್.
ತೂಕಕ್ಕ ಹಾಕಿ ತರತೇನಿ.
"ಮುಟ್ಟಬ್ಯಾಡ್ರಿ. ಈಗ ಒಂದು ಚಮಚಾ ಮಾರಿದ್ರೂ
ಮುಚ್ಚಿಟ್ಟಾನ ಅಂತಾರ. ಎಲ್ಲಾ ಬರೀರಿ.
ದುಡಿಯೂ ಹತ್ಯಾರ ಕಾಯ್ದೆ ಬಿಡ್ತೈತಿ,
ಅಡಗಿ ಭಾಂಡೆ, ಹಾಸಗಿ, ಹೆಂಡತಿ ಕೊರಳಾಗಿನ ತಾಳಿ."
ಹಂಗಂದ್ರ
ಅ ದಿಂದ ಳ ತನಕ ನನಗ ಉಳೀತು.

ಅಂಬೂಬಾಯಿ ತನ್ನ ಭಿಶಿ ಎತ್ತಿ ಕೊಟ್ಟಳು,
ಎಣಿಸಲಿಲ್ಲ, ಮಾತೂ ಆಡಲಿಲ್ಲ.
ಉಳಿದ ಅರ್ಧಕ್ಕ ನಿಮ್ಮ ಹೆಸರೂ ಪಟ್ಟಿಯಾಗ ಬರೀಲೇನ್ರಿ?
ವಕೀಲಬಾಯಿ ನಕ್ಕರು. ನಾನೂ.
ಎಷ್ಟು ತಿಂಗಳಾಗಿತ್ತೋ.

ಬ್ಯಾಂಕು, ಎರಡು ಸೊಸಾಯಿಟಿ, ಹುಬ್ಬಳ್ಳಿ ಪೇಪರ್ ಸೇಠ,
ಶಾಯಿ ಅಂಗಡಿ, ಕರೆಂಟು, ಸ್ವಾದರಮಾವ,
ಮೀಟರ್ ಬಡ್ಡಿಯ ಇಬ್ಬರು (ಒಬ್ಬನ ಪೂರಾ ಹೆಸರು ಗೊತ್ತಿಲ್ಲ).
"ಅಷ್ಟಾ?"
ಅಷ್ಟ, ಅಂದೆ.
ಪೆನ್ನಿನ ಟೊಪಗಿ ಹಾಕಲಿಲ್ಲ ಅವರು.

ಹುಸೇನಸಾಬ.
ಇಪ್ಪತ್ತಾರು ವರ್ಷ ಮೊಳಿ ಜೋಡಿಸಿದಾವ.
ಏಳು ತಿಂಗಳ ಪಗಾರ.
ಕೇಳಿಲ್ಲ. ಶುಕ್ರವಾರ ಬರತಾನ, ಚಾ ಕುಡಿತಾನ,
ಮಷಿನ್ನಿನ ಮ್ಯಾಲಿನ ಧೂಳಾ ವರಸತಾನ, ಹೋಗತಾನ.
ಬರದ್ರ ಅವನ ಲೆಕ್ಕಾನೂ ಅಳಿಸಿ ಹೋಗತೈತಿ.
ಬರೀದಿದ್ರ ನನ್ನ ಕಡೆ ಇರತೈತಿ,
ಅದೊಂದರ ಇರಲಿ ಅನಿಸಿತ್ತು.

"ಇದು ಪ್ರಮಾಣ ಮಾಡೂ ಪಟ್ಟಿ," ಅಂದ್ರು ವಕೀಲಬಾಯಿ.
"ಪ್ರೀತೀಲೆ ಬಿಟ್ರೂ ಸುಳ್ಳು ಸುಳ್ಳ."
ಸ್ವಲ್ಪ ಹೊತ್ತು ಬಿಟ್ಟು, ಕಿಡಕಿ ಕಡೆ ನೋಡಕೊಂತ,
"ಮಾಫ್ ಆದದ್ದನ್ನ ಮುಂದ ದುಡದು ಕೊಡಬಾರದಂತ
ನಾ ಎಲ್ಲೂ ಓದಿಲ್ಲ."
ಬರಸಿದೆ. ಹದಿನಾಲ್ಕನೇ ಹೆಸರು.

ಆಮ್ಯಾಲೆ ವಕಾಲತ್ತಿನ ಫಾರ್ಮು ಮುಂದಿಟ್ರು.
ನಮ್ಮ ಪ್ರೆಸ್ಸಿನದ್ದೇ.
ಕೋರ್ಟಿನ ಮುಂದಿನ ಸ್ಟಾಂಪಿನ ಅಂಗಡಿಗೆ
ಸಾವಿರಗಟ್ಟಲೆ ಛಾಪಿಸಿ ಕೊಟ್ಟೇನಿ.
ಒಮ್ಮೆಯೂ ಕಡೀ ಸಾಲಿಗೆ ಬಂದು ಓದಿರಲಿಲ್ಲ.
ಹುಸೇನಸಾಬ ಎಂದೋ ಒಂದು ರಾತ್ರಿ ನಿದ್ದಿಗಣ್ಣಾಗ
ಒಂದು ಗುಡಸು ಹೆಚ್ಚಿಗಿ ಇಟ್ಟಾನ:
ಪಕ್ಷಗಾರರ ಸಿಹಿ.

ಎಷ್ಟು ಖೂನಿಯವರು, ಎಷ್ಟು ಸೋಡಚೀಟಿಯವರು,
ಹೊಲದ ಬದುವಿಗೆ ಬಡದಾಡಿದವರು
ಇದರ ಮ್ಯಾಲೆ ಹೆಬ್ಬಟ್ಟು ಒತ್ತಿ ಹೋಗ್ಯಾರೋ.
ತಿದ್ದಲೇನ್ರಿ, ಅಂತ ಕೇಳಲಿಲ್ಲ.
ಅದರ ಮ್ಯಾಲೇ ಬರದೆ, ದುಂಡಗ, ಪೂರಾ ಹೆಸರು,
ತುಳಜಾಸಾ ರಾಮಕೃಷ್ಣಸಾ ಬಾಕಳೆ.

"ಸೋಮವಾರ ಎರಡು ಫೋಟೋ ತರ್ರಿ," ಅಂದ್ರು,
"ಮತ್ತ ಆ ಚಿಲ್ಲರ ಲೆಕ್ಕ."