ಇಪ್ಪತ್ತಡಿ

ಡಾಕ್ಟರು ನನ್ನ ರೆಪ್ಪೆ ಮೇಲೆತ್ತಿ ಟಾರ್ಚು ಬಿಟ್ಟು
‘ಏನಮ್ಮಾ, ಹೊಂಡ ಪೂರಾ ಒಣಗಿದೆ’ ಅಂದರು.
ಸಂತೆಹೊಂಡದ ಮಾತೇನೋ ಅಂದುಕೊಂಡೆ.
ಕಣ್ಣಿನದಂತೆ.

‘ದಿನಕ್ಕೆ ಎಷ್ಟು ತಾಸು ಕೂರ್ತೀಯ?’
ಲಗ್ನದ ಕಾಲಕ್ಕೆ ಹನ್ನೊಂದು,
ಆಷಾಢದಲ್ಲಿ ಆರು.
ಶಿವಗಣಾರಾಧನೆ ಕಾರ್ಡಿಗೆ ಕಾಲ ಅಂತಿಲ್ಲ,
ಬಂದಾಗ ಬಂತು, ಅವತ್ತೇ ಬೇಕು.

ಬರೆದುಕೊಟ್ಟದ್ದು ಒಂದು ಹನಿ ಔಷಧಿ, ಒಂದು ಲೆಕ್ಕ:
ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತು,
ಇಪ್ಪತ್ತಡಿ ದೂರದ್ದೇನಾದರೂ ನೋಡು,
ಇಪ್ಪತ್ತು ಎಣಿಸುವ ತನಕ.

ಲಕ್ಷ್ಮೀ ಬಜಾರಿನ ಒಳಓಣಿಯಲ್ಲಿ
ನನ್ನ ಅಂಗಡಿಯ ಉದ್ದ ಒಂಬತ್ತಡಿ.
ಅದರಲ್ಲೇ ಪ್ರಿಂಟರು, ಲ್ಯಾಮಿನೇಷನ್ನು, ಕಾಗದದ ರೀಮು,
ಮಿಕ್ಕಿದ್ದರಲ್ಲಿ ನಾನು.
ಇಪ್ಪತ್ತಡಿ ಎಲ್ಲಿಂದ ತರಲಿ ಸ್ವಾಮಿ?
ಮೊದಲು ಕಿಟಕಿಯ ಮೂಲೆಯಲ್ಲಿ
ಕೋಟೆಯ ಬತೇರಿ ಒಂದು ಚೂರು ಕಾಣುತ್ತಿತ್ತು.
ಈಗ ಅಲ್ಲೊಂದು ಫ್ಲೆಕ್ಸು,
ಹುಟ್ಟುಹಬ್ಬಕ್ಕೆ ಶುಭ ಕೋರುವ ಹನ್ನೆರಡು ಮುಖ.
ಮಾಡಿಕೊಟ್ಟವಳು ನಾನೇ,
ಒಬ್ಬೊಬ್ಬರನ್ನೂ ಚೂರು ಬೆಳ್ಳಗೆ ಮಾಡಿ.

ಮೊಳೆ ಜೋಡಿಸುವ ಕಾಲದಲ್ಲಿ
ಕೂತದ್ದೇ ನೆನಪಿಲ್ಲ.
‘ಕ’ ಇಲ್ಲಿ, ಒತ್ತು ಅಲ್ಲಿ, ‘ಕ್ಷ’ ಕೊನೆಯ ಮನೆಯಲ್ಲಿ;
ಒಂದು ಪುಟ ಕಟ್ಟುವಷ್ಟರಲ್ಲಿ
ಜೋಗಿಮಟ್ಟಿಯ ಅರ್ಧ ಹತ್ತಿದಷ್ಟು ನಡಿಗೆ.
ಅಕ್ಷರವನ್ನೆಲ್ಲ ತಿರುವುಮುರುವಾಗಿ ಓದಿ ಓದಿ
ಬಸ್ಸಿನ ಬೋರ್ಡೇ ನನಗೆ ಉಲ್ಟಾ ಅನಿಸುತ್ತಿತ್ತು.
ಬೆರಳ ತುದಿ ಕಪ್ಪು. ಸೀಸ ಹೊಟ್ಟೆಗಿಳಿಯುತ್ತೆ ಅಂತ
ಪ್ರೆಸ್ಸಿನ ಯಜಮಾನರು ಪ್ರತಿ ಶನಿವಾರ
ಅಂಗೈಯಲ್ಲಿ ಬೆಲ್ಲದ ಉಂಡೆ ಇಡುವರು.
ಬೆಲ್ಲಕ್ಕೆ ಸೀಸ ಹೆದರುತ್ತಿತ್ತೋ ಏನೋ,
ನಾವಂತೂ ಶನಿವಾರಕ್ಕೆ ಕಾಯುತ್ತಿದ್ದೆವು.

ಈ ಬೆಳಕಿಗೆ ಯಾವ ಬೆಲ್ಲ?
ಇದು ಕೈಗೆ ಹತ್ತುವುದಿಲ್ಲ,
ಸಂಜೆ ಸೋಪು ಹಚ್ಚಿ ತಿಕ್ಕಲು ಏನೂ ಇಲ್ಲ.
ರಾತ್ರಿ ಮೂರಕ್ಕೆ ಎಚ್ಚರಾದರೆ
ಹೆಬ್ಬೆರಳು, ಅದರ ಪಕ್ಕದವೆರಡು
ಯಾರದೋ ಮನೆಯ ಮಕ್ಕಳ ಹಾಗೆ ಮಲಗಿರುತ್ತವೆ.
ಕೊಡವಿ ಕೊಡವಿ ಕರೆಯಬೇಕು, ಬನ್ರೋ, ಬನ್ನಿ.
ಕತ್ತು ತಿರುಗಿಸಿದರೆ ಒಣ ಗಾಲಿಯ ಸದ್ದು.
ಕಣ್ಣು ಮುಚ್ಚಿದರೂ ಒಳಗೆ ಕರ್ಸರು:
ನಾನು ಮರೆತ ರೆಪ್ಪೆಯನ್ನೆಲ್ಲ
ಅದು ಬಡಿಯುತ್ತಿದೆ.

ಎದುರಿಗೆ ಬುಡೇನ್ ಸಾಬರ ಹೊಲಿಗೆ ಅಂಗಡಿ.
ಅವರಿಗೂ ಅದೇ ಕತ್ತು, ಬೇರೆ ಮಿಷನ್ನು.
ಲೆಕ್ಕ ಹೇಳಿದೆ. ನಕ್ಕರು.
ಹೆಗಲ ಮೇಲಿನ ಟೇಪು ತೆಗೆದು
ಓಣಿಗಡ್ಡ ಹಿಡಿದರು,
ನಿಂತಿದ್ದ ಸ್ಕೂಟರಿನ ಮೇಲೆ, ಚರಂಡಿ ಕಲ್ಲಿನ ಮೇಲೆ,
ಐದಡಿಯ ಟೇಪು, ಮೂರು ಸಲ ಪೂರ್ತಿ,
ನಾಲ್ಕನೆಯದು ನನ್ನ ಕುರ್ಚಿಗೆ ಬರುವಷ್ಟರಲ್ಲಿ
‘ಹತ್ತೊಂಬತ್ತೂವರೆ ಮಾರಕ್ಕ.
ಅರ್ಧ ಅಡಿ ನಾನು ಹಿಂದೆ ಸರ್ಕೋತೀನಿ, ಬಿಡು.’

ಅವತ್ತಿನಿಂದ ಅವರಿಗೆ ನಾನು ದೂರ,
ನನಗೆ ಅವರು.
‘ಮಾರಕ್ಕ, ರೆಪ್ಪೆ!’
‘ಬುಡೇನಣ್ಣ, ಕತ್ತು!’
ಓಣಿಯವರು ಮೊದಲು ಬೈಗುಳ ಅಂದುಕೊಂಡರು.
ಈಗ ತರಕಾರಿಯ ತಿಮ್ಮಕ್ಕನೂ ಗಾಡಿ ನಿಲ್ಲಿಸಿ
ಒಮ್ಮೆ ಕತ್ತು ನೀವಿಕೊಂಡು ಹೋಗುತ್ತಾಳೆ.
ಫೋನಿನಲ್ಲಿ ಮುಳುಗಿದ ಹುಡುಗ ಮಾತ್ರ
ನಮ್ಮಿಬ್ಬರ ನಡುವೆ ಹಾದು
ಕಂಬಕ್ಕೆ ‘ಸಾರಿ’ ಹೇಳಿ ನಡೆದ.

ವಾಸಿಯಾಯಿತೇ ಅಂದರೆ, ಇಲ್ಲ.
ಬೆರಳು ಇನ್ನೂ ಮೂರಕ್ಕೆ ಎಬ್ಬಿಸುತ್ತವೆ.
ಎಣಿಸುತ್ತ ಹದಿನೈದಕ್ಕೇ ಗಿರಾಕಿ ಬರುತ್ತಾನೆ,
ವರನ ತಾತನ ಹೆಸರು ಬಿಟ್ಟುಹೋಗಿದೆ ಅಂತ.

ಮೊನ್ನೆ ಶನಿವಾರ
ರವಿಕೆಯ ಲೈನಿಂಗ್ ಚಿಂದಿಯಲ್ಲಿ ಸುತ್ತಿ
ಅವರ ಮೊಮ್ಮಗಳು ತಂದುಕೊಟ್ಟಳು, ಒಂದುಂಡೆ ಬೆಲ್ಲ.
ಹಳೆಯ ಕತೆ ಯಾವಾಗ ಹೇಳಿದ್ದೆನೋ.
ಇದಕ್ಕದು ಮದ್ದಲ್ಲ, ಗೊತ್ತು.
ಅಲ್ಲೇ ಕೂತು ತಿಂದೆ.
ಸಂಜೆ ತನಕ ‘ಅ’ ಕೀ ಅಂಟಂಟು,
ಒತ್ತಿದರೆ
ತಡೆದು ತಡೆದು ಮೇಲೆದ್ದಿತು.