ರಾತ್ರಿಯಿಲ್ಲದ ಊರಲ್ಲಿ

"ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ" ಎಂದಿದೆ ಚೀಟಿ.
ರಾತ್ರಿ ಎಲ್ಲಿಂದ ತರಲಿ, ಪಿಪಾಲುಕ್?
ಜೂನ್ ತಿಂಗಳ ಇಲುಲಿಸಾಟ್‌ನಲ್ಲಿ
ಸೂರ್ಯ ಮಲಗುವುದನ್ನೇ ಮರೆತಿದ್ದಾನೆ,
ಕೊಲ್ಲಿಯ ಹಿಮಗುಡ್ಡಗಳೂ ಎಚ್ಚರ.

ಅದಕ್ಕೇ ಗುರುತು ಮಾಡಿಕೊಂಡೆ:
ಅಪ್ಪನ ದೋಣಿ ಹೊರಡುವ ಮೊದಲೊಂದು,
ನಾಯಿಗಳಿಗೆ ಮೀನು ಹಾಕುವ ಹೊತ್ತಿಗೊಂದು,
ಕಿಟಕಿಗೆ ಕಪ್ಪು ಕಂಬಳಿ ಕಟ್ಟಿದ ಮೇಲೊಂದು.
ನಾವೇ ಕಟ್ಟಿದ ರಾತ್ರಿ.

ನರ್ಸ್ ಎರಡು ಸಲ ಕೇಳಿದ್ದಳು:
ಪೆನಿಸಿಲಿನ್‌ಗೆ ಹಿಂದೆಂದಾದರೂ
ಮೈಮೇಲೆ ದದ್ದು ಎದ್ದಿತ್ತೆ, ತುಟಿ ಊದಿತ್ತೆ?
ಇಲ್ಲ ಎಂದೆ. ಆದರೂ ಮೊದಲ ಗುಳಿಗೆಯ ನಂತರ
ನಿನ್ನ ಕುತ್ತಿಗೆ, ಮುಂಗೈ ನೋಡುತ್ತ ಕೂತೆ,
ಕಾಲಡಿಯ ಮಂಜು ಬಿರಿಯುವ ಸದ್ದಿಗೆ
ಕಿವಿಗೊಟ್ಟವಳಂತೆ.

ನಾಲ್ಕನೇ ದಿನ ಗಂಟಲು ಹಗುರ.
ಸಾಕಮ್ಮ ಎಂದು ನೀನು ಮುಖ ತಿರುವಿದೆ.
ಅವತ್ತೇ ಉಲ್ಲೋರಿಯಾಕ್ ಬಂದ
ದವಡೆ ಹಿಡಿದುಕೊಂಡು:
"ಮಿಕ್ಕಿದ್ದರೆ ನಾಲ್ಕು ಕೊಡು."

ಮಿಕ್ಕಿಲ್ಲ ಎಂದೆ. ಡಬ್ಬಿ ಅಲ್ಲಾಡಿಸಿದರೆ
ಗಲಗಲ ಅನ್ನುತ್ತದೆ, ನಿಜ. ಆದರೂ ಮಿಕ್ಕಿಲ್ಲ,
ಅವೆಲ್ಲ ಎಣಿಸಿಟ್ಟ ನಿನ್ನ ದಿನಗಳು.
ಕಾಫಿ ಕೊಟ್ಟೆ, ಆಸ್ಪತ್ರೆಯ ದಾರಿ ತೋರಿಸಿದೆ,
ಮೂವತ್ತು ವರ್ಷದಿಂದ ಅವನು ಬಲ್ಲ ದಾರಿಯನ್ನೇ.

ಬಾ, ಕಂಬಳಿಯ ಆ ತುದಿ ಹಿಡಿ.
ಕತ್ತಲಾಯಿತೆ?
ಬಾಯಿ ತೆರೆ.