ಚುಕ್ಕಿ

ಬಾ ಐನಾರಾ, ಮೊದಲು ಉಂಗುರ ತೆಗೆದಿಡು.
ಕೈಗವಸೂ ಬೇಡ. ತಿರುಗುವ ಸ್ಪಿಂಡಲ್ ಹತ್ತಿರ
ಬಟ್ಟೆ ಹೋದಲ್ಲಿಗೆ ಬೆರಳೂ ಹೋಗುತ್ತದೆ.

ಚಳಿಗಾಲದ ಸೋಮವಾರ. ದೇಬಾ ಹೊಳೆಯ ಮಂಜು
ಎಲ್ಗೊಯ್ಬಾರಿನ ಶೆಡ್ಡುಗಳ ತಗಡಿಗೆ ಒರಗಿದೆ.
ಎರಡು ದಿನ ಮಲಗಿದ್ದ ಯಂತ್ರ ಇದು;
ಎದ್ದ ಕೂಡಲೇ ಓಡು ಅಂದರೆ ನೀನು ಓಡುತ್ತೀಯಾ?
ಇಪ್ಪತ್ತು ನಿಮಿಷ ಬರಿದೇ ತಿರುಗಲಿ,
ಮೊದಲು ನಿಧಾನ, ಆಮೇಲೆ ಜೋರು.
ಅಷ್ಟರಲ್ಲಿ ಕಾಫಿ.

ವೈಸಿನ ಬಾಯಿ ಒರೆಸು.
ಬಟ್ಟೆಯಲ್ಲಿ ಒರೆಸಿದ ಮೇಲೆ ಬೆರಳ ತುದಿಯಲ್ಲಿ ಸವರು.
ಕಣ್ಣು ಬಿಟ್ಟ ಚೂರು ಬೆರಳಿಗೆ ಸಿಗುತ್ತದೆ.
ಅದು ಅಡಿಯಲ್ಲಿ ಕೂತರೆ ತುಂಡು ಸೊಟ್ಟ, ದಿನವೂ ಸೊಟ್ಟ.

ಕೂದಲೆಳೆಯಲ್ಲಿ ಪಾರಾದೆ ಅನ್ನುತ್ತಾರೆ ಹೊರಗಿನ ಜನ.
ಇಲ್ಲಿ ಕೂದಲೆಳೆ ತಪ್ಪಿದರೆ ಯಾರೂ ಪಾರಾಗುವುದಿಲ್ಲ,
ಗುಜರಿ ಡಬ್ಬಕ್ಕೆ ಹೋಗುತ್ತಾರೆ.
ಕೂದಲನ್ನು ಉದ್ದಕ್ಕೆ ಸೀಳಿ ಏಳು ಪಾಲು ಮಾಡು,
ಅದರಲ್ಲೊಂದು ನಮಗೆ ಬಿಟ್ಟುಕೊಟ್ಟ ಜಾಗ.

ಕಡಿದ ತಕ್ಷಣ ಅಳೆಯಬೇಡ.
ಬಿಸಿ ಲೋಹ ಸಿಟ್ಟಿನಲ್ಲಿರುವ ಮನುಷ್ಯ,
ಇರುವುದಕ್ಕಿಂತ ದೊಡ್ಡವನ ಹಾಗೆ ಕಾಣುತ್ತಾನೆ.
ಅಲ್ಯೂಮಿನಿಯಂ ಅಂತೂ ಇನ್ನೂ ಬಡಾಯಿ.
ಮೈಕ್ರೊಮೀಟರ್ ಮುಷ್ಟಿಯಲ್ಲಿಟ್ಟು ಹರಟೆಗೆ ನಿಲ್ಲಬೇಡ,
ನಿನ್ನ ಮೈಬಿಸಿ ಅದಕ್ಕೂ ಹತ್ತುತ್ತದೆ.
ಮೂರು ಸಲ ಅಳೆ. ಮೂರೂ ಬೇರೆ ಬೇರೆ ಬಂದರೆ
ನಾಲ್ಕನೆಯದು ಬೇಡ, ಹೋಗಿ ಕೈ ತೊಳೆದು ಬಾ.

ಕೂಲಂಟ್ ತೆಳುವಾದರೆ ಯಂತ್ರಕ್ಕೆ ತುಕ್ಕು,
ಮಂದವಾದರೆ ನಿನ್ನ ಮೊಣಕೈಗೆ ತುರಿಕೆ.
ಕೊಳೆತ ಮೊಟ್ಟೆಯ ನಾತ ಬಂದರೆ
ಯಾರೋ ಅದರಲ್ಲಿ ಉಗುಳಿದ್ದಾರೆ.
ಯಾರೆಂದು ಎಲ್ಲರಿಗೂ ಗೊತ್ತು, ಇನ್ಯಾಕಿಗೊಬ್ಬನಿಗೆ ಗೊತ್ತಿಲ್ಲ.

ಕೀರಲು ಕೇಳಿಸಿತೇ? ಟೂಲು ಹೊರಗೆ ಚಾಚಿದ್ದು ಜಾಸ್ತಿ.
ಒಳಗೆ ತಳ್ಳು, ಗಿಡ್ಡಕ್ಕೆ ಹಿಡಿ.
ಆಗಲೂ ಕೀರಿದರೆ ಸುತ್ತು ಇಳಿಸು.
ಫೀಡ್ ಮಾತ್ರ ಅಂಜಿ ಇಳಿಸಬೇಡ,
ಅಂಜಿದ ಅಲಗು ಕಡಿಯುವುದಿಲ್ಲ, ಉಜ್ಜುತ್ತದೆ;
ಉಜ್ಜಿಸಿಕೊಂಡ ಸ್ಟೇನ್‌ಲೆಸ್ ಮೊಂಡು ಹಿಡಿದು ಗಟ್ಟಿಯಾಗುತ್ತದೆ.

ಅಳತೆ ತಪ್ಪಿದಷ್ಟನ್ನೂ ಒಂದೇ ಏಟಿಗೆ ತಿದ್ದಬೇಡ.
ಅರ್ಧ ತಿದ್ದು. ಇನ್ನೊಂದು ತುಂಡು ಕಡಿ. ನೋಡು.
ಈ ಮಾತು ನನ್ನ ಗಂಡನಿಗೂ ಹೇಳಿದ್ದೆ.

ಇಲ್ಲಿ, ಮೇಜಿನ ಎಡಮೂಲೆ, ಬೆರಳಿಡು.
ಉಗುರಿನಷ್ಟು ತಗ್ಗು ಸಿಕ್ಕಿತೇ?
ತೊಂಬತ್ತೊಂದರ ಜೂನು, ರಾತ್ರಿ ಪಾಳಿ.
ಐವತ್ತು ಮಿಲಿಮೀಟರ್ ಮೇಲೇಳು, ಆಮೇಲೆ ಪಕ್ಕಕ್ಕೆ ಹೋಗು
ಎಂದು ಬರೆಯಲು ಕೂತವಳು
ಐವತ್ತರ ಮುಂದೆ ಚುಕ್ಕಿ ಇಡಲಿಲ್ಲ.
ಈ ಹಳೆಯ ಕಂಟ್ರೋಲಿಗೆ ಚುಕ್ಕಿಯಿಲ್ಲದ ಐವತ್ತು
ಐವತ್ತು ಮೈಕ್ರಾನ್, ಎಳೆಮಗುವಿನ ಕೂದಲಿನ ದಪ್ಪ.
ಅಷ್ಟೇ ಎದ್ದಿತು. ಪಕ್ಕಕ್ಕೆ ಹೊರಟಿತು, ಪೂರ್ತಿ ವೇಗದಲ್ಲಿ.

ಕ್ಲಾಂಪು ಮುರಿದು ಬಿದ್ದ ಗುರುತು ಇದು.
ಸ್ಪಿಂಡಲ್ ಮೂರು ವಾರ ರಿಪೇರಿಗೆ ಹೋಯಿತು.
ಬೆಳಿಗ್ಗೆ ಫೋರ್ಮನ್ ಯಾರು ಎಂದು ಕೇಳಿದಾಗ
ನಾನು ಬಾಯಿ ತೆರೆಯುವ ಮುಂಚೆ
ಕೊಲ್ದೊ ಅಂದ: ನಾನು.

ಆಗ ಇಡೀ ಶೆಡ್ಡಿಗೆ ಒಬ್ಬಳೇ ಹೆಂಗಸು,
ಬಂದು ಒಂಬತ್ತು ವಾರ.
ನಾನು ಅಂದಿದ್ದರೆ
ಅದು ನನ್ನೊಬ್ಬಳ ತಪ್ಪಾಗಿ ಉಳಿಯುತ್ತಿರಲಿಲ್ಲ.
ಅವನ ಆ ವರ್ಷದ ಬೋನಸ್ಸು ಹೋಯಿತು.
ಅವನು ಮತ್ತೆ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ,
ಆಸ್ಪತ್ರೆಯಲ್ಲಿ ಅವನ ಹಾಸಿಗೆ ಪಕ್ಕ ಕೂತಾಗಲೂ
ಆಡಿದ್ದು ಸಾರ್ಡೀನಿನ ರೇಟು.

ಅದಕ್ಕೇ, ಮೊದಲ ತುಂಡಿಗೆ ಒಂದೊಂದೇ ಸಾಲು ಓಡಿಸು.
ರ‍್ಯಾಪಿಡ್ ಕಾಲು ಭಾಗಕ್ಕಿಳಿಸು.
ಬೆರಳು ಸದಾ ನಿಲ್ಲಿಸುವ ಗುಂಡಿಯ ಮೇಲಿರಲಿ.
ಪ್ರತಿ ಅಂಕಿಯ ಬಾಲ ನೋಡು, ಚುಕ್ಕಿ ಇದೆಯೇ?

ನಾನು ಶುಕ್ರವಾರದ ತನಕ ಇದ್ದೇನೆ.
ಏನಾದರೂ ಮುರಿಯುವುದಿದ್ದರೆ ಅಷ್ಟರೊಳಗೆ ಮುರಿ;
ಯಾರು ಎಂದು ಕೇಳಿದರೆ
ನೀನು ಬಾಯಿ ತೆರೆಯಬೇಡ.

ಇಪ್ಪತ್ತು ನಿಮಿಷ ಆಯಿತು. ಬಾಗಿಲು ಎಳೆ.